ಊಟಿಯ ಮೇಲೆ 130 ಕೋಟಿ ವೋಲ್ಟ್

ಊಟಿಗೆ ಹೋಗಿಬಂದವರನ್ನು ಅಲ್ಲಿ ಏನೇನು ನೋಡಿದಿರಿ ಎಂದು ಕೇಳಿದರೆ ಸಿಗುವ ಉತ್ತರ ಹೆಚ್ಚುಕಡಿಮೆ ಒಂದೇ. ಸಸ್ಯೋದ್ಯಾನ, ದೋಣಿಮನೆ, ದೊಡ್ಡಬೆಟ್ಟ, ಪುಟಾಣಿ ರೈಲು. ಕೊನೆಗೆ ಮನೆಯವರಿಗೆಲ್ಲ ಹಂಚಲು ಚಾಕೊಲೇಟು ಮತ್ತು ಅಜ್ಜಿಯ ಮಂಡಿಗೆ ನೀಲಗಿರಿ ತೈಲ. ಇಷ್ಟು ಮುಗಿದರೆ ಊಟಿ ಮುಗಿಯಿತು. ಈ ಪಟ್ಟಿಯಲ್ಲಿ ಎಂದೂ ಕಾಣಿಸಿಕೊಳ್ಳದ ಒಂದು ಜಾಗ ಅಲ್ಲಿದೆ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಶ್ವಕಿರಣ ಪ್ರಯೋಗಾಲಯ ಅದು. ಊಟಿಯ ಮೇಲೆ ಹಾದುಹೋದ ಒಂದು ಗುಡುಗು ಮೋಡದೊಳಗೆ ಎಷ್ಟು ವೋಲ್ಟ್ ವಿದ್ಯುತ್ ವಿಭವವಿತ್ತು ಎಂಬುದನ್ನು ನೆಲದ ಮೇಲೆಯೇ ಕುಳಿತು ಅಳೆದ ಸ್ಥಳ. ಅದುವರೆಗೆ ಯಾವ ದೇಶದಲ್ಲೂ, ಯಾವ ಮೋಡದಲ್ಲೂ ಅಷ್ಟು ದೊಡ್ಡ ಸಂಖ್ಯೆ ದಾಖಲಾಗಿರಲಿಲ್ಲ.

ಒಂಬತ್ತು ಮತ್ತು ಹತ್ತನೆಯ ತರಗತಿಯ ನಲವತ್ತು ಮಕ್ಕಳು, ಜೊತೆಗೆ ಬರಲೇಬೇಕೆಂದು ಹಟ ಹಿಡಿದ ಏಳೆಂಟು ಮಂದಿ ಪೋಷಕರು, ಇಷ್ಟು ಜನರನ್ನು ಕಟ್ಟಿಕೊಂಡು ನಾನು ಅಲ್ಲಿಗೆ ಹೊರಟಿದ್ದೆ. ಮೊದಲೇ ಪತ್ರ ಬರೆದು ಅನುಮತಿ ಪಡೆದಿದ್ದರಿಂದ ತೊಂದರೆಯಾಗಲಿಲ್ಲ. ಮೈಸೂರು ಬಿಟ್ಟ ಬಸ್ಸು ನಂಜನಗೂಡು ದಾಟುವಾಗ ಒಂದು ವಿಷಯ ಹೇಳಿದೆ. ನಾವು ನೋಡಲು ಹೊರಟಿರುವ ಪ್ರಯೋಗಾಲಯದ ಚರಿತ್ರೆಯಲ್ಲಿ ದೊಡ್ಡ ಹೆಸರಾದ ಬಿ.ವಿ. ಶ್ರೀಕಂಠನ್ ಹುಟ್ಟಿದ್ದು ಇದೇ ನಂಜನಗೂಡಿನ ಸೀಮೆಯಲ್ಲಿ, 1925ರಲ್ಲಿ. ಹೋಮಿ ಭಾಭಾ ಅವರ ಕೈಕೆಳಗೆ ಸಂಶೋಧನೆ ಆರಂಭಿಸಿದ ಅವರು 1951ರಲ್ಲಿ ಕೋಲಾರದ ಚಿನ್ನದ ಗಣಿಯೊಳಕ್ಕೆ ಉಪಕರಣ ಇಳಿಸಿ ವಿಶ್ವಕಿರಣಗಳನ್ನು ಎಣಿಸಿದರು. ಮುಂದೆ ಅದೇ ಸಂಸ್ಥೆಯ ನಿರ್ದೇಶಕರಾದರು. 2019ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಮಕ್ಕಳು ಕಿಟಕಿಯಿಂದ ದೇವಸ್ಥಾನದ ಗೋಪುರ ನೋಡುತ್ತಿದ್ದರು. ಎಷ್ಟು ಜನ ಕೇಳಿಸಿಕೊಂಡರೋ ಗೊತ್ತಿಲ್ಲ.

ಗುಂಡ್ಲುಪೇಟೆ, ಬಂಡೀಪುರ, ಮುದುಮಲೆ, ಗೂಡಲೂರು. ಗೂಡಲೂರಿನಿಂದ ಘಾಟಿ ಏರತೊಡಗಿದ ಮೇಲೆ ನಡುವಟ್ಟಂ ಹತ್ತಿರ ಚಳಿ ಶುರು. ಒಂದು ಕಾಲದಲ್ಲಿ ಇಲ್ಲಿ ಸರ್ಕಾರದ ಸಿಂಕೋನಾ ತೋಟವಿತ್ತು, ಮಲೇರಿಯಾಕ್ಕೆ ಕೊಡುವ ಕ್ವಿನೈನ್ ಇಲ್ಲಿಂದ ಹೋಗುತ್ತಿತ್ತು. ಪೈಕಾರ ದಾಟಿದರೆ ಹುಲ್ಲುಗಾವಲಿನ ದುಂಡು ಗುಡ್ಡಗಳು. ದಾರಿಯುದ್ದಕ್ಕೂ ಹಟ್ಟಿ ಎಂದು ಕೊನೆಗೊಳ್ಳುವ ಊರಹೆಸರುಗಳನ್ನು ಓದಿ ಒಬ್ಬ ಹುಡುಗಿ, ‘ಇದು ತಮಿಳುನಾಡು ಅಲ್ವಾ ಸಾರ್?’ ಎಂದಳು. ಬಡಗರ ನುಡಿ ನಮ್ಮ ನುಡಿಯ ಹತ್ತಿರದ ನಂಟಸ್ತಿಕೆಯದು ಎಂದು ಹೇಳಿದ್ದಕ್ಕೆ ವಿಜ್ಞಾನಕ್ಕಿಂತ ಹೆಚ್ಚಿನ ಗಮನ ಸಿಕ್ಕಿತು.

ಪ್ರಯೋಗಾಲಯ ಎಂದೊಡನೆ ಮಕ್ಕಳ ಕಣ್ಣಮುಂದೆ ಗಾಜಿನ ಬುರುಡೆ, ಬಣ್ಣದ ದ್ರಾವಣ ಬರುತ್ತವೆ. ಇಲ್ಲಿ ಅಂಥದ್ದೇನೂ ಇಲ್ಲ. ಸಮುದ್ರಮಟ್ಟದಿಂದ ಸುಮಾರು 2200 ಮೀಟರ್ ಎತ್ತರದ ಇಳಿಜಾರು ಹುಲ್ಲುಬಯಲು. ಆ ಬಯಲಿನ ತುಂಬ ಎಂಟೆಂಟು ಮೀಟರ್ ಅಂತರದಲ್ಲಿ, ಬುಡ ಅಗಲವಾಗಿ ತಲೆ ಕಿರಿದಾದ ಲೋಹದ ಪೆಟ್ಟಿಗೆಗಳು. ಸುಮಾರು 400 ಇವೆ. ದೂರದಿಂದ ನೋಡಿದರೆ ಯಾರೋ ಸಾಲುಸಾಲಾಗಿ ತುಳಸಿಕಟ್ಟೆ ಕಟ್ಟಿಸಿದಂತೆ ಕಾಣುತ್ತದೆ. ಪ್ರತಿಯೊಂದರೊಳಗೂ ಒಂದು ಚದರ ಮೀಟರಿನ ವಿಶೇಷ ಪ್ಲಾಸ್ಟಿಕ್ ಹಲಗೆ. ಆವೇಶವಿರುವ ಕಣವೊಂದು ಅದನ್ನು ಹಾದುಹೋದರೆ ಮಿಣುಕ್ಕನೆ ಬೆಳಕು ಬರುತ್ತದೆ, ಮೇಲೆ ಕೂತ ಬೆಳಕಿನ ಕೊಳವೆ ಅದನ್ನು ಹಿಡಿಯುತ್ತದೆ. ಬಾಹ್ಯಾಕಾಶದಿಂದ ಬರುವ ವಿಶ್ವಕಿರಣ ವಾತಾವರಣದ ನೆತ್ತಿಗೆ ಬಡಿದು ಕಣಗಳ ಜಡಿಮಳೆಯಾಗಿ ಸುರಿಯುವಾಗ ಅದು ಎಲ್ಲಿ ಬಿತ್ತು, ಯಾವ ದಿಕ್ಕಿನಿಂದ ಬಂತು ಎಂದು ಇವೆಲ್ಲ ಸೇರಿ ಲೆಕ್ಕ ಹಾಕುತ್ತವೆ. ಗ್ರೇಪ್ಸ್-3 ಎಂದು ಈ ವ್ಯವಸ್ಥೆಯ ಹೆಸರು. ಜಪಾನಿನ ವಿಶ್ವವಿದ್ಯಾಲಯಗಳ ವಿಜ್ಞಾನಿಗಳೂ ಇದರಲ್ಲಿ ಪಾಲುದಾರರು.

ನಾವು ನೋಡಬೇಕಾಗಿದ್ದುದು ಪಕ್ಕದ ತಗ್ಗು ಕಟ್ಟಡಗಳಲ್ಲಿ. ಒಳಗೆ ಕಾಂಕ್ರೀಟು ದಿಮ್ಮಿಗಳನ್ನು ಎರಡು ಮೀಟರಿಗೂ ಮಿಕ್ಕಿ ದಪ್ಪಕ್ಕೆ ಪೇರಿಸಿದ್ದಾರೆ. ಆ ರಾಶಿಯ ಅಡಿಯಲ್ಲಿ ನಾಲ್ಕು ಪದರಗಳಲ್ಲಿ ಚೌಕಾಕಾರದ ಕಬ್ಬಿಣದ ಕೊಳವೆಗಳು. ಒಂದೊಂದೂ ಆರು ಮೀಟರ್ ಉದ್ದ, ಹತ್ತು ಸೆಂಟಿಮೀಟರ್ ಅಗಲ. ಒಟ್ಟು 3712. ಕೋಲಾರದ ಗಣಿಯ ಆಳದಲ್ಲೂ ಇಂಥ ಕೊಳವೆಗಳನ್ನೇ ಇಟ್ಟು ಪ್ರಯೋಗ ಮಾಡಿದ್ದರು. ಕೊಳವೆಯೊಳಗೆ ಅನಿಲ, ನಡುವೆ ತೆಳ್ಳನೆಯ ತಂತಿ, ತಂತಿಗೆ ಕೆಲವು ಸಾವಿರ ವೋಲ್ಟ್. ಮ್ಯೂಯಾನ್ ಎಂಬ ಕಣ ಹಾದುಹೋದಾಗ ಅನಿಲದ ಪರಮಾಣುಗಳಿಂದ ಇಲೆಕ್ಟ್ರಾನುಗಳು ಕಿತ್ತುಬರುತ್ತವೆ. ಅವು ತಂತಿಯತ್ತ ಧಾವಿಸುತ್ತ ಇನ್ನಷ್ಟನ್ನು ಕಿತ್ತು, ಅವು ಮತ್ತಷ್ಟನ್ನು ಕಿತ್ತು, ಒಂದು ಪುಟ್ಟ ಪ್ರವಾಹವಾಗಿ ತಂತಿಗೆ ಬಂದು ಬೀಳುತ್ತವೆ. ಮೀಟರು ಒಂದು ಎಣಿಸುತ್ತದೆ. ಹೀಗೆ ದಿನಕ್ಕೆ ಸುಮಾರು 400 ಕೋಟಿ ಮ್ಯೂಯಾನುಗಳ ಎಣಿಕೆ! ಮ್ಯೂಯಾನ್ ಎಂದರೆ ಇಲೆಕ್ಟ್ರಾನಿನ ತೂಕದ ಅಣ್ಣ. ಅದಕ್ಕಿಂತ ಇನ್ನೂರು ಪಟ್ಟಿಗಿಂತಲೂ ಭಾರ, ಆದ್ದರಿಂದ ಕಾಂಕ್ರೀಟನ್ನೂ ತೂರಿಕೊಂಡು ಬರುತ್ತದೆ. ಅಂಗೈ ಬಿಚ್ಚಿ ಹಿಡಿದರೆ ಸೆಕೆಂಡಿಗೆ ಒಂದರಂತೆ ಅದರ ಮೂಲಕ ಹಾದುಹೋಗುತ್ತಲೇ ಇರುತ್ತವೆ. ಮಕ್ಕಳೆಲ್ಲ ಅಂಗೈ ಚಾಚಿ ನಿಂತರು. ಏನೂ ಆಗಲಿಲ್ಲ, ಆದರೂ ಸಂತೋಷಪಟ್ಟರು.

ಅಷ್ಟರಲ್ಲಿ ಒಬ್ಬ ಪೋಷಕರು ನನ್ನ ಪಕ್ಕಕ್ಕೆ ಬಂದು ಮೆಲ್ಲನೆ, ‘ಮೇಷ್ಟ್ರೇ, ಇದು ಪರೀಕ್ಷೆಗೆ ಬರುತ್ತಾ?’ ಎಂದು ಕೇಳಿದರು. ಬರುತ್ತದೆ ಎಂದೆ. ಸುಳ್ಳಲ್ಲ. ಅನಿಲದಲ್ಲಿ ವಿದ್ಯುತ್ ವಿಸರ್ಜನೆ ಎಂಬ ಪಾಠವನ್ನು ಎಂದಾದರೂ ಒಮ್ಮೆ ಎಲ್ಲರೂ ಓದಲೇಬೇಕು. ಗಾಜಿನ ಕೊಳವೆಯಿಂದ ಗಾಳಿ ತೆಗೆದು ಎರಡು ತುದಿಗೆ ಸಾವಿರಾರು ವೋಲ್ಟ್ ಕೊಟ್ಟರೆ ಒಳಗೆ ಬಣ್ಣಬಣ್ಣದ ಬೆಳಕು ಬರುತ್ತದೆ. ಇನ್ನೂ ಗಾಳಿ ತೆಗೆದರೆ ಕ್ಯಾಥೋಡ್ ಕಿರಣ, ಅಂದರೆ ಇಲೆಕ್ಟ್ರಾನುಗಳ ಪ್ರವಾಹ. ಅವು ಗಾಜಿಗೋ ಲೋಹಕ್ಕೋ ಬಡಿದು ತಟ್ಟನೆ ನಿಂತಾಗ ಎಕ್ಸ್ ಕಿರಣ. ಜರ್ಮನಿಯ ರಾಂಟ್ಜೆನ್ ಇದನ್ನು ಕಂಡದ್ದು 1895ರ ನವೆಂಬರಿನಲ್ಲಿ. ಹಳೆಯ ಟಿ.ವಿ.ಯ ದಪ್ಪ ಕೊಳವೆಯಲ್ಲಿ ಇಪ್ಪತ್ತು, ಇಪ್ಪತ್ತೈದು ಸಾವಿರ ವೋಲ್ಟ್ ಇರುತ್ತಿತ್ತು. ಆಸ್ಪತ್ರೆಯ ಎಕ್ಸ್‌ರೇ ಯಂತ್ರದಲ್ಲಿ ಒಂದು ಲಕ್ಷದ ಆಸುಪಾಸು.

ಇಲ್ಲಿಗೆ ಪಾಠ ಮುಗಿಯುತ್ತದೆ. ಪಾಠದಲ್ಲಿ ಒಂದು ಮಾತು ಸ್ಪಷ್ಟವಾಗಿರುತ್ತದೆ: ಎಕ್ಸ್ ಕಿರಣ ಬರಬೇಕಾದರೆ ಕೊಳವೆಯಲ್ಲಿ ಗಾಳಿ ಇರಬಾರದು. ಗಾಳಿ ಇದ್ದರೆ ಇಲೆಕ್ಟ್ರಾನು ಹೆಜ್ಜೆಹೆಜ್ಜೆಗೂ ಪರಮಾಣುಗಳಿಗೆ ಢಿಕ್ಕಿ ಹೊಡೆದು ಶಕ್ತಿ ಕಳೆದುಕೊಳ್ಳುತ್ತದೆ, ವೇಗ ಗಳಿಸುವುದೇ ಇಲ್ಲ. ಹಾಗಾದರೆ ಮಿಂಚಿನಲ್ಲಿ ಎಕ್ಸ್ ಕಿರಣ ಹುಟ್ಟುವ ಪ್ರಶ್ನೆಯೇ ಇಲ್ಲವಲ್ಲ? ಅದು ನಡೆಯುವುದು ದಟ್ಟ ಗಾಳಿಯಲ್ಲಿ.

ಹುಟ್ಟುತ್ತದೆ. ಹುಟ್ಟಬಹುದೆಂದು ಮೊದಲು ಯೋಚಿಸಿದವರು ಸ್ಕಾಟ್ಲೆಂಡಿನ ಸಿ.ಟಿ.ಆರ್. ವಿಲ್ಸನ್. ಅವರ ಕಥೆಯೂ ಒಂದು ಬೆಟ್ಟದ ಮೇಲೆಯೇ ಆರಂಭವಾಗುತ್ತದೆ. 1894ರ ಸೆಪ್ಟೆಂಬರಿನಲ್ಲಿ, ಇಪ್ಪತ್ತೈದರ ಯುವಕ ವಿಲ್ಸನ್ ಬೆನ್ ನೆವಿಸ್ ಬೆಟ್ಟದ ತುದಿಯ ಹವಾಮಾನ ವೀಕ್ಷಣಾಲಯದಲ್ಲಿ ಎರಡು ವಾರ ಕೆಲಸ ಮಾಡಿದರು. ಕೆಳಗೆ ತೇಲುವ ಮೋಡಗಳ ಮೇಲೆ ಬಿಸಿಲು ಬಿದ್ದು ಮೂಡುತ್ತಿದ್ದ ಬಣ್ಣದ ಉಂಗುರಗಳು ಅವರನ್ನು ಮರುಳು ಮಾಡಿದವು. ಕೇಂಬ್ರಿಜ್‌ಗೆ ಹಿಂದಿರುಗಿ ಗಾಜಿನ ಪಾತ್ರೆಯೊಳಗೆ ಕೃತಕ ಮೋಡ ಮಾಡತೊಡಗಿದರು. ಅದೇ ಮುಂದೆ ಕಣಗಳ ಹಾದಿಯನ್ನು ಕಣ್ಣಿಗೆ ಕಾಣಿಸುವ ಮೋಡಕೋಷ್ಠವಾಯಿತು, 1927ರ ನೊಬೆಲ್ ಬಹುಮಾನ ತಂದಿತು. 1895ರ ಜೂನಿನಲ್ಲಿ ಅವರು ಅದೇ ಸೀಮೆಯ ಇನ್ನೊಂದು ಶಿಖರದ ಮೇಲೆ ನಿಂತಿದ್ದಾಗ ದೂರದಲ್ಲಿ ಗುಡುಗಿತು. ಇದ್ದಕ್ಕಿದ್ದಂತೆ ತಲೆಗೂದಲು ನೆಟ್ಟಗೆ ನಿಂತಿತು. ಮೋಡದ ವಿದ್ಯುತ್ತು ತನ್ನನ್ನು ಹಾದು ನೆಲಕ್ಕಿಳಿಯಲು ಹವಣಿಸುತ್ತಿದೆ ಎಂದು ಅರ್ಥವಾಗಿ ಓಡಿ ಕೆಳಗಿಳಿದರು. ಅಂದಿನಿಂದ ಗುಡುಗು ಮೋಡದ ಗುಂಗು ಅವರನ್ನು ಬಿಡಲಿಲ್ಲ.

1925ರಲ್ಲಿ ಅವರು ಪ್ರಕಟಿಸಿದ ಲೇಖನದ ತಿರುಳನ್ನು ಮಕ್ಕಳಿಗೆ ನಾನು ಹೇಳಿದ್ದು ಹೀಗೆ. ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ರಥಬೀದಿಯ ಈ ತುದಿಯಿಂದ ಆ ತುದಿಗೆ ಹೋಗಬೇಕು. ನಿಧಾನ ನಡೆದಿರೋ, ಹೆಜ್ಜೆಗೊಬ್ಬ ಪರಿಚಯದವರು ಕೈಹಿಡಿದು ನಿಲ್ಲಿಸುತ್ತಾರೆ. ಚೆನ್ನಾಗಿದ್ದೀರಾ, ಮಗನಿಗೆ ಎಷ್ಟು ಮಾರ್ಕ್ಸು? ಅದರ ಬದಲು ಒಬ್ಬ ಹುಡುಗ ಶರವೇಗದಲ್ಲಿ ಓಡಿ ಬಂದರೆ? ಕೈ ಚಾಚುವುದರೊಳಗೆ ಅವನು ದಾಟಿರುತ್ತಾನೆ. ಇಲೆಕ್ಟ್ರಾನುಗಳದೂ ಇದೇ ಪಾಡು. ವೇಗ ಹೆಚ್ಚಾದಷ್ಟೂ ಒಂದೊಂದು ಪರಮಾಣುವಿನ ಬಳಿ ಅವು ಕಳೆಯುವ ಸಮಯ ಕಡಿಮೆ, ಕಳೆದುಕೊಳ್ಳುವ ಶಕ್ತಿಯೂ ಕಡಿಮೆ. ವೇಗ ಬೆಳಕಿನ ವೇಗದ ಸಮೀಪಕ್ಕೆ ಬರುವವರೆಗೂ ಈ ರಿಯಾಯಿತಿ ಮುಂದುವರಿಯುತ್ತದೆ. ಆದ್ದರಿಂದ ಮೊದಲೇ ವೇಗವಾಗಿ ಬಂದ ಇಲೆಕ್ಟ್ರಾನೊಂದು ಮೋಡದ ವಿದ್ಯುತ್ ಕ್ಷೇತ್ರದೊಳಕ್ಕೆ ಹೊಕ್ಕರೆ, ಗಾಳಿ ತಡೆಯುವುದಕ್ಕಿಂತ ಹೆಚ್ಚಾಗಿ ಕ್ಷೇತ್ರ ನೂಕುತ್ತದೆ. ಇನ್ನಷ್ಟು ವೇಗ, ಇನ್ನೂ ಕಡಿಮೆ ತಡೆ. ಓಟಕಿತ್ತ ಇಲೆಕ್ಟ್ರಾನು ಅದು. ಹೋಗುವ ದಾರಿಯಲ್ಲಿ ಬೇರೆ ಇಲೆಕ್ಟ್ರಾನುಗಳನ್ನೂ ಜೋರಾಗಿ ಗುದ್ದಿ ತನ್ನ ಜೊತೆ ಓಡಿಸುತ್ತದೆ. ಹಿಂಡು ಬೆಳೆಯುತ್ತದೆ. ಇವು ಗಾಳಿಯ ಪರಮಾಣುಗಳ ನಡುಬೀಜದ ಹತ್ತಿರ ಬಾಗಿ ಹಾಯುವಾಗ ಎಕ್ಸ್ ಮತ್ತು ಗಾಮಾ ಕಿರಣಗಳನ್ನು ಬೀರುತ್ತವೆ. ಜರ್ಮನರು ಇದಕ್ಕೆ ಬ್ರೇಕ್ ಹಾಕಿದಾಗ ಬರುವ ಕಿರಣ ಎಂಬರ್ಥದ ಹೆಸರಿಟ್ಟಿದ್ದಾರೆ. ರಾಂಟ್ಜೆನ್ನರ ಕೊಳವೆಯಲ್ಲಿ ಆದದ್ದೂ ಇದೇ ಬಗೆಯದು.

ಮೊದಲೇ ವೇಗವಾಗಿರುವ ಇಲೆಕ್ಟ್ರಾನು ಎಲ್ಲಿಂದ ಬರಬೇಕು? ಹೊರಗಿನ ಬಯಲನ್ನು ತೋರಿಸಿದೆ. ಆ ನಾನೂರು ಪೆಟ್ಟಿಗೆಗಳು ಎಣಿಸುತ್ತಿರುವುದೇ ಅವನ್ನು. ವಿಶ್ವಕಿರಣಗಳ ಜಡಿಮಳೆ ಮೋಡಗಳನ್ನೂ ಹಾದೇ ಬರಬೇಕಲ್ಲ.

ವಿಲ್ಸನ್ನರ ಯೋಚನೆ ನಿಜವೆಂದು ತೋರಿಸಲು ಬಹಳ ವರ್ಷ ಹಿಡಿಯಿತು. ಮಿಂಚಿನಿಂದ ಎಕ್ಸ್ ಕಿರಣ ಬಂತೆಂದು ಹೇಳುತ್ತಿದ್ದವರನ್ನು ಬಹುಕಾಲ ಯಾರೂ ಪೂರ್ತಿ ನಂಬಲಿಲ್ಲ. 1994ರಲ್ಲಿ ಆಕಾಶದಾಚೆಯ ಸ್ಫೋಟಗಳನ್ನು ಹುಡುಕಲು ಹಾರಿಬಿಟ್ಟಿದ್ದ ಉಪಗ್ರಹವೊಂದು ಕೆಳಗಿನಿಂದ, ನಮ್ಮ ಭೂಮಿಯ ಗುಡುಗು ಮೋಡಗಳ ಕಡೆಯಿಂದಲೇ ಗಾಮಾ ಕಿರಣದ ಮಿಂಚುಗಳು ಬರುತ್ತಿವೆಯೆಂದು ತಿಳಿಸಿತು. ಆ ಉಪಗ್ರಹದ ಹೆಸರು ಕಾಂಪ್ಟನ್. 1927ರ ನೊಬೆಲನ್ನು ವಿಲ್ಸನ್ ಹಂಚಿಕೊಂಡದ್ದು ಅದೇ ಕಾಂಪ್ಟನ್ನರ ಜೊತೆಗೆ! ಮುಂದೆ ಅಮೆರಿಕದ ಫ್ಲಾರಿಡಾದಲ್ಲಿ ತಂತಿ ಕಟ್ಟಿದ ರಾಕೆಟ್ಟನ್ನು ಮೋಡಕ್ಕೆ ಹಾರಿಸಿ ಮಿಂಚನ್ನು ಕರೆಸಿಕೊಂಡು, ಅದರಿಂದ ಎಕ್ಸ್ ಕಿರಣ ಹೊಮ್ಮುವುದನ್ನು 2003ರ ಹೊತ್ತಿಗೆ ಖಚಿತಪಡಿಸಿಕೊಂಡರು. 2017ರ ಫೆಬ್ರುವರಿ 6ರಂದು ಜಪಾನಿನ ಕಾಶಿವಾಜಾಕಿ ತೀರದಲ್ಲಿ ಹೊಡೆದ ಮಿಂಚಿನ ಗಾಮಾ ಕಿರಣಗಳು ಗಾಳಿಯ ನೈಟ್ರೋಜನ್ ಬೀಜದಿಂದ ನ್ಯೂಟ್ರಾನನ್ನೇ ಹೊರದಬ್ಬಿದ್ದು ಕಂಡುಬಂತು. ಅಂದರೆ ಮಿಂಚು ಬೈಜಿಕ ಕ್ರಿಯೆಯನ್ನೂ ನಡೆಸಬಲ್ಲದು.

ವಿಲ್ಸನ್ನರು ಇನ್ನೂ ಒಂದು ಮಾತು ಹೇಳಿದ್ದರು: ದೊಡ್ಡ ಗುಡುಗು ಮೋಡದಲ್ಲಿ ವಿಭವಾಂತರ 100 ಕೋಟಿ ವೋಲ್ಟ್ ಮುಟ್ಟಬಹುದು. ಇದನ್ನು ಅಳೆಯುವುದು ಹೇಗೆ? ಬಲೂನು ಕಳಿಸಿದರೆ ಅದು ಮೋಡದ ಒಂದು ಮೂಲೆಯನ್ನು ಹಾದುಬರುತ್ತದೆ. ಬಲೂನುಗಳು ಕಂಡ ಗರಿಷ್ಠ ಸುಮಾರು 13 ಕೋಟಿ. ಊಟಿಯವರು ಬಲೂನು ಬಿಡಲಿಲ್ಲ, ಮೋಡವನ್ನು ತೂರಿ ಬರುವ ಮ್ಯೂಯಾನುಗಳನ್ನೇ ಕೇಳಿದರು.

ಇದನ್ನು ಪಾಸು-ಫೇಲಿನ ಲೆಕ್ಕದಲ್ಲಿ ಹೇಳಿದರೆ ಮಕ್ಕಳಿಗೆ ತಟ್ಟನೆ ಹೊಳೆಯುತ್ತದೆ. ಕಾಂಕ್ರೀಟಿನ ರಾಶಿ ಒಂದು ಪರೀಕ್ಷೆ. ಕನಿಷ್ಠ 100 ಕೋಟಿ ಇಲೆಕ್ಟ್ರಾನ್ ವೋಲ್ಟ್ ಶಕ್ತಿಯಿರುವ ಮ್ಯೂಯಾನ್ ಮಾತ್ರ ಪಾಸು. ಒಂದು ವೋಲ್ಟಿನಷ್ಟು ವಿಭವ ದಾಟಿದಾಗ ಇಲೆಕ್ಟ್ರಾನಿನಷ್ಟು ಆವೇಶದ ಕಣ ಗಳಿಸುವ ಅಥವಾ ಕಳೆದುಕೊಳ್ಳುವ ಶಕ್ತಿಯೇ ಒಂದು ಇಲೆಕ್ಟ್ರಾನ್ ವೋಲ್ಟ್. ಮ್ಯೂಯಾನುಗಳಲ್ಲಿ ಧನ, ಋಣ ಎರಡು ಬಗೆ. ಧನದವು ಸಂಖ್ಯೆಯಲ್ಲಿ ಹೆಚ್ಚು. ಮೋಡದ ವಿದ್ಯುತ್ತು ಧನ ಮ್ಯೂಯಾನುಗಳ ಅಂಕ ಕಡಿದು, ಋಣದವುಗಳಿಗೆ ಕೃಪಾಂಕ ಕೊಟ್ಟಿತೆನ್ನಿ. ಅಂಚಿನಲ್ಲಿದ್ದ ಧನದವು ಫೇಲಾದವು, ಋಣದವು ಕೆಲವು ಹೊಸದಾಗಿ ಪಾಸಾದವು. ಆದರೆ ಧನದವೇ ಹೆಚ್ಚಾದ್ದರಿಂದ ಒಟ್ಟು ಫಲಿತಾಂಶ ಕುಸಿಯುತ್ತದೆ. ಎಷ್ಟು ಕುಸಿಯಿತೆಂದು ಗೊತ್ತಾದರೆ ಎಷ್ಟು ಅಂಕ ಕಡಿದಿರಬೇಕು ಎಂದು ಹಿಂದಕ್ಕೆ ಲೆಕ್ಕ ಹಾಕಬಹುದು.

2011ರ ಏಪ್ರಿಲ್‌ನಿಂದ 2014ರ ಡಿಸೆಂಬರ್‌ವರೆಗೆ ಇಂಥ 184 ಗುಡುಗು ಮಳೆಗಳ ಗುರುತು ಅವರ ದಾಖಲೆಯಲ್ಲಿ ಸಿಕ್ಕಿತು. ಎಲ್ಲಕ್ಕಿಂತ ದೊಡ್ಡದು 2014ರ ಡಿಸೆಂಬರ್ 1ರದು. 18 ನಿಮಿಷಗಳ ಕಾಲ ಮ್ಯೂಯಾನುಗಳ ಸಂಖ್ಯೆ ಶೇಕಡಾ 2ರಷ್ಟು ಇಳಿಯಿತು. ಎರಡೇ ಪರ್ಸೆಂಟು! ನಮ್ಮ ಶಾಲೆಯ ಹಾಜರಾತಿಯಲ್ಲಿ ಇಷ್ಟು ಇಳಿದರೆ ಯಾರೂ ಗಮನಿಸುವುದಿಲ್ಲ. ಆದರೆ ಸೆಕೆಂಡಿಗೆ ಸಾವಿರಾರು ಎಣಿಸುವವರಿಗೆ ಅದು ಪಾತಾಳಕ್ಕೆ ಬಿದ್ದಂತೆ. ಸುತ್ತಮುತ್ತಲ ನಾಲ್ಕು ಕಡೆ ವಿದ್ಯುತ್ ಕ್ಷೇತ್ರ ಅಳೆಯುವ ಉಪಕರಣಗಳನ್ನು ಇಟ್ಟಿದ್ದರು. ಒಂದರಿಂದ ಇನ್ನೊಂದಕ್ಕೆ ಗಲಾಟೆ ಹರಡಿದ ಸಮಯದ ವ್ಯತ್ಯಾಸದಿಂದ ಮೋಡ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಸಾಗಿತ್ತೆಂದೂ, 11 ಕಿಲೋಮೀಟರಿಗಿಂತ ಎತ್ತರದಲ್ಲಿತ್ತೆಂದೂ, ಕನಿಷ್ಠ 380 ಚದರ ಕಿಲೋಮೀಟರ್ ಹರಡಿತ್ತೆಂದೂ ತಿಳಿಯಿತು. ಲೆಕ್ಕ ಮುಗಿದಾಗ ಬಂದ ವಿಭವಾಂತರ: 130 ಕೋಟಿ ವೋಲ್ಟ್. ಬಲೂನುಗಳು ಕಂಡದ್ದರ ಹತ್ತು ಪಟ್ಟು. ಆ ಮೋಡ ಆವೇಶ ತುಂಬಿಕೊಳ್ಳುತ್ತಿದ್ದ ಸಾಮರ್ಥ್ಯ ಸುಮಾರು 2000 ಮೆಗಾವಾಟ್. ಶರಾವತಿ ವಿದ್ಯುದಾಗಾರದ 1035 ಮೆಗಾವಾಟಿನ ಹೆಚ್ಚುಕಡಿಮೆ ಎರಡರಷ್ಟು. ಬಿ. ಹರಿಹರನ್ ಮತ್ತು ಸಂಗಡಿಗರು ಇದನ್ನು ಪ್ರಕಟಿಸಿದ್ದು 2019ರ ಮಾರ್ಚಿನಲ್ಲಿ. ನಾಲ್ಕು ವರ್ಷಕ್ಕೂ ಮೀರಿ ಕೂತು ಪರಿಶೀಲಿಸಿದ್ದಾರೆ. ಉಪಗ್ರಹಗಳು ಕಂಡಿದ್ದ, ಹತ್ತು ಕೋಟಿ ಇಲೆಕ್ಟ್ರಾನ್ ವೋಲ್ಟಿನವರೆಗಿನ ಗಾಮಾ ಕಿರಣಗಳಿಗೆ ಇಷ್ಟು ದೊಡ್ಡ ವಿಭವ ಬೇಕೇಬೇಕಿತ್ತು.

ನನಗೆ ತುಂಬ ಹಿಡಿಸಿದ್ದು ಇನ್ನೊಂದು ಸಂಗತಿ. 1950ರ ದಶಕದಲ್ಲಿ ಇದೇ ಊಟಿಯಲ್ಲಿ ಶ್ರೀಕಂಠನ್ ಮತ್ತು ಅವರ ಜೊತೆಗಾರರು ವಿಶ್ವಕಿರಣಗಳನ್ನು ಅಭ್ಯಸಿಸಲು ಬಳಸಿದ್ದು ಒಂದು ಭಾರಿ ಮೋಡಕೋಷ್ಠವನ್ನು, ಅಂದರೆ ವಿಲ್ಸನ್ನರ ಉಪಕರಣವನ್ನೇ. ಆತ ಗಾಜಿನೊಳಗೆ ಕಟ್ಟಿದ ಮೋಡದಿಂದ ಆರಂಭವಾದ ಊರಿನಲ್ಲೇ, ನಿಜವಾದ ಮೋಡದ ಬಗ್ಗೆ ಆತ ಹೇಳಿದ್ದೂ ನಿಜವಾಯಿತು. ಅಳೆದದ್ದು ಯಾವುದರಿಂದ? ಅನಿಲ ತುಂಬಿದ ಕೊಳವೆಯಲ್ಲಿ ಆಗುವ ಅತಿ ಸಣ್ಣ ವಿದ್ಯುತ್ ವಿಸರ್ಜನೆಯಿಂದ. ಪುಸ್ತಕದ ಪಾಠ ಕೆಲಸಕ್ಕೆ ಬಾರದೆ ಹೋಗಿಲ್ಲ, ಉದ್ದವಾಗಿದೆ ಅಷ್ಟೆ.

ಹೊರಗೆ ಬಂದು ಹುಲ್ಲಿನ ಮೇಲೆ ಪುಳಿಯೋಗರೆ ಪೊಟ್ಟಣ ಬಿಚ್ಚಿದೆವು. ಮಕ್ಕಳ ಮೊದಲ ಪ್ರಶ್ನೆ, ಮಿಂಚಿದಾಗ ಈ ಕಿರಣ ನಮ್ಮ ಮೈಗೆ ತಗಲುವುದಿಲ್ಲವೇ ಎಂದು. ಹೆದರಬೇಕಿಲ್ಲ. ಮಿಂಚಿನ ಎಕ್ಸ್ ಕಿರಣಗಳನ್ನು ಕೆಲವು ನೂರು ಮೀಟರಿನೊಳಗೆ ಗಾಳಿಯೇ ಹೀರಿಬಿಡುತ್ತದೆ. ಕೊಲ್ಲುವುದು ಕಿರಣವಲ್ಲ, ವಿದ್ಯುತ್ ಪ್ರವಾಹ. ನಮ್ಮ ದೇಶದಲ್ಲಿ ವರ್ಷಕ್ಕೆ 2000ಕ್ಕೂ ಹೆಚ್ಚು ಜನ ಸಿಡಿಲಿಗೆ ಬಲಿಯಾಗುತ್ತಾರೆ, ಹೊಲದಲ್ಲಿ ದುಡಿಯುವವರೇ ಅದರಲ್ಲಿ ಹೆಚ್ಚು.

ಪರೀಕ್ಷೆಯ ಬಗ್ಗೆ ಕೇಳಿದ್ದ ಆ ತಂದೆ ಅಷ್ಟು ಹೊತ್ತು ಸುಮ್ಮನಿದ್ದವರು ಈಗ ಮಾತಾಡಿದರು. ಅವರ ತಮ್ಮ ರಾಗಿ ಹೊಲದಿಂದ ಬರುವಾಗ ಮಳೆ ಹಿಡಿದು ಹುಣಸೆಮರದ ಕೆಳಗೆ ನಿಂತನಂತೆ. ಸಿಡಿಲು ಆ ಮರಕ್ಕೇ ಹೊಡೆಯಿತು. ‘ಅಲ್ಲ ಸಾರ್, ಊರಿಗೆ ಊರೇ ಮರ ಇದೆ. ಅದಕ್ಕೇ ಯಾಕೆ, ಆವತ್ತೇ ಯಾಕೆ? ಇವರಿಗೆ ಅದು ಗೊತ್ತಾ?’

ಎತ್ತರವಾಗಿ ಒಂಟಿಯಾಗಿ ನಿಂತ ಮರಕ್ಕೆ ಹೊಡೆಯುವ ಸಂಭವ ಹೆಚ್ಚು, ಅದರ ಕೆಳಗೆ ನಿಲ್ಲಲೇಬಾರದು, ಇಷ್ಟು ಎಲ್ಲರಿಗೂ ಗೊತ್ತು. ಅವರು ಕೇಳಿದ್ದು ಅದಲ್ಲ. ಮಿಂಚು ಮೋಡದೊಳಗೆ ಶುರುವಾಗುವುದು ಹೇಗೆ ಎಂಬುದೇ ಇನ್ನೂ ತೀರ್ಮಾನವಾಗದ ಪ್ರಶ್ನೆ. ನೆಲಮಟ್ಟದ ಗಾಳಿಯಲ್ಲಿ ಕಿಡಿ ಹಾರಬೇಕಾದರೆ ಮೀಟರಿಗೆ ಸುಮಾರು 30 ಲಕ್ಷ ವೋಲ್ಟ್ ಬೇಕು. ಎತ್ತರದ ತೆಳು ಗಾಳಿಯಲ್ಲಿ ಸ್ವಲ್ಪ ಕಡಿಮೆ ಸಾಕು. ಮೋಡಗಳಲ್ಲಿ ಅಳೆದಾಗ ಸಿಗುವುದು ಬೇಕಾದದ್ದರ ಹತ್ತನೆಯ ಒಂದು ಭಾಗದ ಆಸುಪಾಸು. ಆದರೂ ಮಿಂಚುತ್ತದೆ. ಓಟಕಿತ್ತ ಇಲೆಕ್ಟ್ರಾನುಗಳ ಹಿಂಡಿಗೆ ಆ ಹತ್ತನೆಯ ಒಂದು ಭಾಗವೇ ಸಾಕಾಗುವುದರಿಂದ ಅವೇ ಕಿಡಿ ಹಚ್ಚುತ್ತವೆಂದು ಕೆಲವರ ವಾದ. ಮೋಡದ ಹಿಮಕಣಗಳ ಚೂಪು ತುದಿಗಳ ಬಳಿ ಕ್ಷೇತ್ರ ಬಲವಾಗಿ ಅಲ್ಲಿ ಶುರುವಾಗುತ್ತದೆಂದು ಇನ್ನು ಕೆಲವರು. ಎರಡೂ ಸೇರಿರಬಹುದು. ಯಾವ ಮೋಡ, ಯಾವ ಕ್ಷಣ ಎಂದು ಯಾರೂ ಹೇಳಲಾರರು. ಇದನ್ನು ಹೀಗೆಯೇ ಅವರಿಗೆ ಹೇಳಿದೆ. ಅವರು ತಲೆಯಾಡಿಸಿ, ‘ಹಾಗಾದರೆ ಹುಡುಕ್ತಾ ಇದ್ದಾರೆ’ ಎಂದರು. ಮಗಳು ಒಂಬತ್ತನೆಯ ತರಗತಿ. ಆ ಪೆಟ್ಟಿಗೆಗಳ ಚಿತ್ರವನ್ನು ನೋಟ್‌ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು.

ಹೋಗಬಯಸುವ ಶಾಲೆಗಳಿಗೆ ಒಂದೆರಡು ಮಾತು. ಇದು ಪ್ರವಾಸಿ ತಾಣವಲ್ಲ, ಕೆಲಸ ನಡೆಯುವ ಜಾಗ. ಮುಂಚಿತವಾಗಿ ಬರೆದು ಕೇಳದೆ ಹೋಗಬಾರದು. ದಿನ ಉಳಿದರೆ ಊಟಿಯ ಹೊರವಲಯದ ಮುತ್ತೋರೈನಲ್ಲಿರುವ ರೇಡಿಯೋ ದೂರದರ್ಶಕವನ್ನು ರಸ್ತೆಯಿಂದಾದರೂ ನೋಡಿ. 530 ಮೀಟರ್ ಉದ್ದದ ಅದನ್ನು ಗೋವಿಂದ ಸ್ವರೂಪ್ ತಂಡ 1970ರ ಹೊತ್ತಿಗೆ ಬೆಟ್ಟದ ಇಳಿಜಾರನ್ನೇ ಅಕ್ಷಾಂಶಕ್ಕೆ ಹೊಂದಿಸಿ ಕಟ್ಟಿತು. ನೀಲಗಿರಿಗೆ ಬರುವ ವಾಹನಗಳಿಗೆ 2024ರ ಮೇ ತಿಂಗಳಲ್ಲಿ ಇ-ಪಾಸ್ ಪದ್ಧತಿ ಬಂದಿದೆ, ಹೊರಡುವ ಮುನ್ನ ವಿಚಾರಿಸಿಕೊಳ್ಳಿ. ಬಂಡೀಪುರದ ಕಾಡಿನ ರಸ್ತೆಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಬಿಡುವುದಿಲ್ಲ. ನಮ್ಮ ಚಾಲಕರು ನಾಲ್ಕು ಗಂಟೆಗೇ ಹಾರನ್ ಬಾರಿಸಿ ಎಲ್ಲರನ್ನೂ ಎಬ್ಬಿಸಿದರು. ಚಾಕೊಲೇಟು ಕೊಳ್ಳಲು ಹತ್ತೇ ನಿಮಿಷ ಸಿಕ್ಕಿತೆಂದು ಗೂಡಲೂರಿನವರೆಗೂ ಗೊಣಗಾಟ ನಡೆದಿತ್ತು.